ಒಂದೇ ಮನೆಯ ಐವರು
(ಗಿರಣಿ ಕೆಲಸಗಾರರ ವಾರದ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಮೊದಲನೆಯ ಮಹಾಯುದ್ಧಕ್ಕೆ ಹೋದ ಇಂಗ್ಲೆಂಡಿನ ಬಡಮನೆಗಳ ಅಣ್ಣತಮ್ಮಂದಿರ ವಿಷಯ ಈ ವಾರ ಮಾತನಾಡುತ್ತೇನೆಂದು ತಿಳಿಸಿದಾಗ, ನೂಲಿನ ಖಾತೆಯ ಹಿರಿಯರೊಬ್ಬರು ನನ್ನನ್ನು ಗೇಟಿನ ಬಳಿ ತಡೆದು ಕೇಳಿದರು: “ಮೇಷ್ಟ್ರೇ, ನಮ್ಮನ್ನು ಆಳಿದವರ ಮಕ್ಕಳು ಅವರವರ ಜಗಳದಲ್ಲಿ ಸತ್ತರೆ ನಮಗೇನು? ನಮ್ಮ ಕಣ್ಣೀರು ನಮಗೇ ಸಾಲದು, ಅವರಿಗೆ ಬೇರೆ ಸಾಲ ಕೊಡಬೇಕೇ?”

ಪ್ರಶ್ನೆ ಸರಿಯಾದದ್ದೇ. ಅದನ್ನು ಬದಿಗೊತ್ತಿ ನಾನು ಮಾತು ಮುಂದುವರಿಸಲಾರೆ. ಆದರೆ ಆಳಿದವರು ಎಂದೆವಲ್ಲ, ಆ ಮಾತಿನೊಳಗೆ ಯಾರು ಯಾರು ಬರುತ್ತಾರೆ? ಕಲ್ಕತ್ತೆಯ ವೈಸರಾಯಿ ಬರುತ್ತಾನೆ. ಮ್ಯಾಂಚೆಸ್ಟರಿನ ಗಿರಣಿ ಯಜಮಾನ ಬರುತ್ತಾನೆ. ಇನ್ನೊಬ್ಬರ ಹೊಲದಲ್ಲಿ ಮುಂಜಾನೆಯಿಂದ ಕತ್ತಲೆಯವರೆಗೆ ಗೇಯ್ದು ವಾರಕ್ಕೊಮ್ಮೆ ಕೂಲಿಗೆ ಕೈಯೊಡ್ಡುವವನೂ ಬರುತ್ತಾನೆಯೇ? ಇಂದು ಅಂಥವನೊಬ್ಬನ ಮನೆಗೆ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ತೀರ್ಮಾನ ಆಮೇಲೆ ನಿಮ್ಮದು.

ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತದಲ್ಲಿ ಕಾಟ್ಸ್‌ವೋಲ್ಡ್ ಎಂಬ ಗುಡ್ಡಸಾಲು ಇದೆ. ಕುರಿಗೆ, ಉಣ್ಣೆಗೆ, ಸುಣ್ಣಕಲ್ಲಿನ ಮನೆಗಳಿಗೆ ಹೆಸರಾದ ಸೀಮೆ. ಅಲ್ಲಿ ಗ್ರೇಟ್ ರಿಸ್ಸಿಂಗ್ಟನ್ ಎಂಬುದೊಂದು ಹಳ್ಳಿ. ಹೆಸರಿನಲ್ಲಿ ‘ಗ್ರೇಟ್’ ಇದ್ದರೂ ಊರು ಸಣ್ಣದು. ಆ ಊರಿನಲ್ಲಿ ವಿಲಿಯಂ ಸೋಲ್ಸ್ ಎಂಬ ಹೊಲಗೂಲಿಯವನೂ ಅವನ ಹೆಂಡತಿ ಆ್ಯನಿಯೂ ಇದ್ದರು. ಆರು ಗಂಡು, ಮೂರು ಹೆಣ್ಣು ಮಕ್ಕಳು. ಹೊಲ ಅವರದಲ್ಲ. ಆ ಸೀಮೆಯಲ್ಲಿ ಯುದ್ಧಕ್ಕೆ ಮುಂಚೆ ಹೊಲಗೂಲಿಯವನ ಸಂಬಳ ವಾರಕ್ಕೆ ಹದಿನಾಲ್ಕು ಹದಿನೈದು ಶಿಲ್ಲಿಂಗಿನ ಆಸುಪಾಸು. ಆಗ ನಮ್ಮ ಒಂದು ರೂಪಾಯಿಗೆ ಒಂದು ಶಿಲ್ಲಿಂಗ್ ನಾಲ್ಕು ಪೆನ್ಸ್ ದರವಿದ್ದುದರಿಂದ, ಒಂದು ಶಿಲ್ಲಿಂಗ್ ಎಂದರೆ ಹನ್ನೆರಡಾಣೆ. ಅಂಗಡಿ ನಡೆಸುವ ಮಿತ್ರರು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳಬಹುದು. ಆ ದೇಶದ ಚಳಿಗೆ ಬೇಕಾದ ಸೌದೆ, ಬೂಟು, ಕಂಬಳಿಗಳ ಖರ್ಚನ್ನೂ ಸೇರಿಸಿಕೊಂಡು ಹಾಕಬೇಕು.

ಇನ್ನೊಂದು ಮಾತು. ಆ ಕಾಲದ ಇಂಗ್ಲೆಂಡು ಪ್ರಜಾಪ್ರಭುತ್ವದ ತವರೆಂದು ನಮ್ಮ ಶಾಲೆಗಳಲ್ಲಿ ಓದಿಸುತ್ತಿದ್ದರು. ಮೇಷ್ಟರಾಗಿದ್ದಾಗ ನಾನೂ ಓದಿಸಿದ್ದೇನೆ, ಪಠ್ಯಪುಸ್ತಕದಲ್ಲಿ ಇದ್ದದ್ದು ಅಷ್ಟೇ. ಆದರೆ 1914ರಲ್ಲಿ ಅಲ್ಲಿಯ ವಯಸ್ಕ ಗಂಡಸರಲ್ಲೇ ನೂರಕ್ಕೆ ಸುಮಾರು ನಲವತ್ತು ಮಂದಿಗೆ ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕಿರಲಿಲ್ಲ. ಹೆಂಗಸರಿಗಂತೂ ಇಲ್ಲವೇ ಇಲ್ಲ. ತಂದೆಯ ಮನೆಯಲ್ಲೇ ಉಳಿದ ಬೆಳೆದ ಮಗನಿಗೆ ಬಹುಮಟ್ಟಿಗೆ ಮತವಿರಲಿಲ್ಲ. ಯುದ್ಧ ಸಾರಿದ್ದು ಯಾರ ಸರ್ಕಾರವೋ ಅದನ್ನು ಆರಿಸುವುದರಲ್ಲಿ ಅಂಥ ಹುಡುಗರ ಕೈಯಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ.

1914ರ ಆಗಸ್ಟ್ 4ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಕಡ್ಡಾಯ ಸೈನ್ಯಭರ್ತಿಯ ಕಾನೂನು ಬಂದದ್ದು 1916ರ ಜನವರಿಯಲ್ಲಿ. ಅಲ್ಲಿಯವರೆಗೆ ಹೋದವರು ತಾವಾಗಿಯೇ ಹೋದರು. ಒಂದು ಸೆಪ್ಟೆಂಬರ್ ತಿಂಗಳಲ್ಲೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಬರೆಸಿದರು. ಯಾಕೆ ಹೋದರು? ನಮ್ಮಲ್ಲಿ ಕೆಲವು ಸಂಗಾತಿಗಳಿಗೆ ಇಂಥ ಪ್ರಶ್ನೆಗೆ ಒಂದೇ ಉತ್ತರ ಬಾಯಿಪಾಠವಾಗಿರುತ್ತದೆ: ಹೊಟ್ಟೆಪಾಡು. ಹೊಟ್ಟೆಪಾಡು ಹೌದು, ಅದಷ್ಟೇ ಅಲ್ಲ. ಬೆಲ್ಜಿಯಂ ಎಂಬ ಸಣ್ಣ ದೇಶದ ಮೇಲೆ ದೊಡ್ಡ ಸೈನ್ಯ ನುಗ್ಗಿದ್ದನ್ನು ಕಂಡು ನಿಜವಾಗಿ ನೊಂದು ಹೋದವರಿದ್ದರು. ಊರು ಬಿಟ್ಟು ಹೊರಗೆ ಕಾಲಿಡದ ಹುಡುಗನಿಗೆ ರೈಲು, ಹಡಗು, ಫ್ರಾನ್ಸು ಕಾಣುವ ಆಸೆಯಿತ್ತು. ಸಮವಸ್ತ್ರ ತೊಡದ ಹುಡುಗನ ಕೈಗೆ ಬೀದಿಯಲ್ಲಿ ಹೆಂಗಸರು ಬಿಳಿ ಗರಿ ಕೊಟ್ಟು ಹೇಡಿ ಎಂದು ಹಂಗಿಸುವ ಪದ್ಧತಿ ಎದ್ದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಣ್ಣ ಹೋದನೆಂದು ತಮ್ಮ ಹೋದ, ಪಕ್ಕದ ಮನೆಯವನು ಹೋದನೆಂದು ಇವನು ಹೋದ. ಮುಷ್ಕರಕ್ಕೆ ಸೇರುವಾಗ ನೀವೂ ಹಾಗೆಯೇ ಅಲ್ಲವೇ? ಕರಪತ್ರ ಓದಿ ಬರುವವರು ಎಷ್ಟು ಜನ, ಪಕ್ಕದ ಮಗ್ಗದವನ ಮುಖ ನೋಡಿ ಬರುವವರು ಎಷ್ಟು ಜನ? ದುಡಿಯುವವನ ದೊಡ್ಡ ಗುಣವೇ ಅದು. ಆ ಗುಣವನ್ನೇ ಸೈನ್ಯದ ಕಚೇರಿಯವರು ಬಳಸಿಕೊಂಡರು.

ಸೋಲ್ಸ್ ಮನೆಯಿಂದ ಆಲ್ಬರ್ಟ್, ವಾಲ್ಟರ್ ಇಬ್ಬರು ವುಸ್ಟರ್‌ಷೈರ್ ರೆಜಿಮೆಂಟಿಗೆ ಸೇರಿ ಆಮೇಲೆ ಮಷೀನ್ ಗನ್ ದಳಕ್ಕೆ ಹೋದರು. ಫ್ರೆಡ್, ಮತ್ತು ಅವಳಿಗಳಾದ ಆಲ್‌ಫ್ರೆಡ್, ಆರ್ಥರ್, ಈ ಮೂವರು ಚೆಷೈರ್ ರೆಜಿಮೆಂಟಿನ ‘ಬ್ಯಾಂಟಂ’ ಪಡೆಗೆ ಸೇರಿದರು. ಬ್ಯಾಂಟಂ ಎಂದರೆ ಗಿಡ್ಡ ಜಾತಿಯ ಹುಂಜ. ಇದರ ಕಥೆ ಸ್ವಲ್ಪ ಹೇಳಬೇಕು.

ಸೈನ್ಯಕ್ಕೆ ಸೇರಲು ಐದಡಿ ಮೂರಂಗುಲ ಎತ್ತರ ಇರಬೇಕೆಂಬ ನಿಯಮವಿತ್ತು. ಹೆಸರು ಬರೆಸಲು ಬಂದ ಬಡವರನ್ನು ಅಳತೆಗೋಲಿಗೆ ನಿಲ್ಲಿಸಿದರೆ ಸಾವಿರಾರು ಜನ ಅದಕ್ಕೆ ಮುಟ್ಟಲಿಲ್ಲ. ಕಲ್ಲಿದ್ದಲ ಗಣಿಯವರು, ಬಂದರಿನ ಹಮಾಲರು, ಹೊಲದ ಆಳುಗಳು. ಎದೆ ಅಗಲ, ತೋಳು ಗಟ್ಟಿ, ಆದರೆ ಎತ್ತರವಿಲ್ಲ. ಇದು ದೇವರು ಕೊಟ್ಟ ಎತ್ತರವಷ್ಟೇ ಆಗಿದ್ದರೆ ಶ್ರೀಮಂತರ ಮಕ್ಕಳೂ ಅದೇ ಪ್ರಮಾಣದಲ್ಲಿ ಗಿಡ್ಡರಾಗಿರಬೇಕಿತ್ತಲ್ಲ! ಎಳೆತನದಲ್ಲಿ ಹಾಲಿಲ್ಲದೆ, ಹೊಟ್ಟೆತುಂಬ ಊಟವಿಲ್ಲದೆ, ಎಲುಬು ಬಲಿಯುವ ಮುನ್ನವೇ ಕೆಲಸಕ್ಕೆ ಬಿದ್ದ ದೇಹಗಳು ಅವು. ಒಂದು ಇಡೀ ವರ್ಗದ ಹಸಿವು ಅಳತೆಗೋಲಿನ ಮೇಲೆ ಅಂಗುಲಗಳಲ್ಲಿ ಕಾಣಿಸಿತು. ಆಗ ಬರ್ಕನ್‌ಹೆಡ್ ಪಟ್ಟಣದ ಪಾರ್ಲಿಮೆಂಟ್ ಸದಸ್ಯ ಆಲ್‌ಫ್ರೆಡ್ ಬಿಗ್‌ಲೆಂಡ್ ಸರ್ಕಾರದ ಒಪ್ಪಿಗೆ ಪಡೆದು ಗಿಡ್ಡವರದೇ ಪಡೆಗಳನ್ನು ಕಟ್ಟಿದ. ಹಸಿವಿನಿಂದ ಕುಗ್ಗಿದವನಿಗೆ ಹಾಲು ಕೊಡುವುದಕ್ಕೆ ಯಾವ ಸದಸ್ಯನಿಗೂ ಇಷ್ಟು ಬೇಗ ಒಪ್ಪಿಗೆ ಸಿಕ್ಕಿರಲಾರದು.

ಈಗ ತಾರೀಖುಗಳನ್ನು ಹೇಳುತ್ತೇನೆ. ಅವಸರವಿಲ್ಲದೆ ಕೇಳಿ.

1916ರ ಮಾರ್ಚ್ 14ರಂದು ಆಲ್ಬರ್ಟ್ ಸತ್ತ. ಇಪ್ಪತ್ತು ವರ್ಷ. ಅದೇ ವರ್ಷ ಜುಲೈ 19ರಂದು ಸೋಮ್ ನದಿಯ ಕದನದಲ್ಲಿ ಫ್ರೆಡ್ ಸತ್ತ. ಮೂವತ್ತು ವರ್ಷ. ಅವನ ದೇಹ ಸಿಕ್ಕಲೇ ಇಲ್ಲ. ಗುರುತಾದ ಗೋರಿಯಿಲ್ಲದ ಎಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಜನರ ಜೊತೆ ಅವನ ಹೆಸರು ಫ್ರಾನ್ಸಿನ ತೀಪ್‌ವಾಲ್ ಸ್ಮಾರಕದ ಮೇಲಿದೆ. ಫ್ರೆಡ್ ಸತ್ತ ಹದಿನಾಲ್ಕನೆಯ ದಿನ, ಆಗಸ್ಟ್ 2ರಂದು, ಗಾಯಗೊಂಡು ರುವಾನ್ ಆಸ್ಪತ್ರೆ ಸೇರಿದ್ದ ವಾಲ್ಟರ್ ತೀರಿಕೊಂಡ. ಇಪ್ಪತ್ತನಾಲ್ಕು ವರ್ಷ. ಐದು ತಿಂಗಳೊಳಗೆ ಮೂವರು. ಆಮೇಲೆ ಒಂದೂ ಮುಕ್ಕಾಲು ವರ್ಷ ಆ ಮನೆಗೆ ಕೆಟ್ಟ ಸುದ್ದಿ ಬರಲಿಲ್ಲ. ಉಳಿದ ಇಬ್ಬರು ಅವಳಿಗಳು ಬದುಕಿಕೊಂಡಾರು ಎಂದು ತಾಯಿ ಅಂದುಕೊಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. 1918ರ ವಸಂತದಲ್ಲಿ ಜರ್ಮನರು ಕೊನೆಯ ದೊಡ್ಡ ದಾಳಿ ನಡೆಸಿದರು. ಏಪ್ರಿಲ್ 20ರಂದು ಆಲ್‌ಫ್ರೆಡ್ ಸತ್ತ. ಏಪ್ರಿಲ್ 25ರಂದು, ಐದೇ ದಿನಗಳ ಮೇಲೆ, ಬೇರೊಂದು ರೆಜಿಮೆಂಟಿನಲ್ಲಿದ್ದ ಅವಳಿ ಆರ್ಥರ್ ಸತ್ತ. ಅವನಿಗೆ ಶೌರ್ಯಕ್ಕಾಗಿ ಮಿಲಿಟರಿ ಮೆಡಲ್ ಬಂದಿತ್ತು. ಒಂದೇ ಹೊತ್ತಿಗೆ ಹುಟ್ಟಿದವರು ಒಂದೇ ವಾರದಲ್ಲಿ ಹೋದರು. ಯುದ್ಧ ಮುಗಿಯಲು ಇನ್ನೂ ಆರೂವರೆ ತಿಂಗಳಿತ್ತು.

ಇಂಥ ಸುದ್ದಿ ಮನೆಗೆ ಬರುತ್ತಿದ್ದ ರೀತಿಯನ್ನೂ ಹೇಳಿಬಿಡುತ್ತೇನೆ. ಸತ್ತವನು ಅಧಿಕಾರಿಯಾಗಿದ್ದರೆ ಮನೆಯವರಿಗೆ ತಂತಿ ಬರುತ್ತಿತ್ತು. ಸಾಮಾನ್ಯ ಸಿಪಾಯಿಯಾಗಿದ್ದರೆ ಅಂಚೆಯಲ್ಲಿ ಒಂದು ಅಚ್ಚು ಮಾಡಿದ ಫಾರಂ. ನಂಬರು, ದರ್ಜೆ, ಹೆಸರು, ರೆಜಿಮೆಂಟು ಎಂದು ಖಾಲಿ ಜಾಗ ಬಿಟ್ಟಿರುತ್ತಿದ್ದರು. ಗುಮಾಸ್ತ ಅದನ್ನು ಲೇಖನಿಯಿಂದ ತುಂಬಿ ಕಳಿಸುತ್ತಿದ್ದ. ರೇಷನ್ ಕಾರ್ಡಿನ ಅರ್ಜಿಯಂತೆ. ಸಾವು ತಿಳಿಸುವುದರಲ್ಲೂ ಮೇಲು ಕೀಳು! ನಮ್ಮ ದೇಶದ ಜಾತಿಪದ್ಧತಿಯನ್ನು ಕಂಡು ಮೂಗು ಮುರಿಯುತ್ತಿದ್ದ ದೊರೆಗಳ ಮನೆಯ ವ್ಯವಹಾರ ಇದು.

ಆ್ಯನಿ ಸೋಲ್ಸ್ ಬಗ್ಗೆ ಆ ಸೀಮೆಯಲ್ಲಿ ಕೆಲವು ಮಾತುಗಳು ಉಳಿದುಬಂದಿವೆ. ಸತ್ತ ಒಬ್ಬೊಬ್ಬ ಮಗನಿಗೆ ಅವಳಿಗೆ ವಾರಕ್ಕೆ ಒಂದು ಶಿಲ್ಲಿಂಗ್ ಪಿಂಚಣಿ ಸಿಕ್ಕಿತೆಂದು ಹೇಳುತ್ತಾರೆ. ಐದು ಮಕ್ಕಳಿಗೆ ಐದು ಶಿಲ್ಲಿಂಗ್. ಹಳೆಯ ಲೆಕ್ಕದಲ್ಲಿ ಮೂರು ರೂಪಾಯಿ ಹನ್ನೆರಡಾಣೆ. ಸತ್ತನೆಂದು ನಂಬಲಾರದೆ ಅವಳು ಕಿಟಕಿಯಲ್ಲಿ ಮೇಣದ ಬತ್ತಿ ಹಚ್ಚಿಡುತ್ತಿದ್ದಳಂತೆ. ಯುದ್ಧದ ಮೇಲೆ ‘ದೊರೆಯನ್ನು ದೇವರು ಕಾಪಾಡಲಿ’ ಎಂಬ ರಾಷ್ಟ್ರಗೀತೆ ಹಾಡಿದಾಗ ಅವಳು ಎದ್ದು ನಿಲ್ಲುತ್ತಿರಲಿಲ್ಲವಂತೆ. ಅವಳು ಯಾವ ಸಂಘದ ಸದಸ್ಯಳೂ ಅಲ್ಲ, ಯಾವ ಭಾಷಣವನ್ನೂ ಮಾಡಿದವಳಲ್ಲ. ಸುಮ್ಮನೆ ಕುಳಿತೇ ಇರುತ್ತಿದ್ದಳು. ನಾನು ನೂರು ಸಭೆಗಳಲ್ಲಿ ಕೂಗಿ ಹೇಳಿದ್ದಕ್ಕಿಂತ ಆ ಮುದುಕಿ ಕುಳಿತದ್ದರಲ್ಲಿ ಹೆಚ್ಚು ಮಾತಿದೆ.

ಆದರೆ ಆ ಊರಿನ ಇನ್ನೊಂದು ಸಂಗತಿಯನ್ನು ನಾನು ಮುಚ್ಚಿಡಲಾರೆ. ಆ ಐದು ಶಿಲ್ಲಿಂಗಿನ ಮೇಲೆ ನೆರೆಹೊರೆಯವರಿಗೆ ಹೊಟ್ಟೆಕಿಚ್ಚಾಯಿತೆಂದೂ, ಚುಚ್ಚುಮಾತು ತಾಳಲಾರದೆ ಆ ಸಂಸಾರ ಪಕ್ಕದ ಗ್ರೇಟ್ ಬ್ಯಾರಿಂಗ್ಟನ್ನಿಗೆ ಹೊರಟುಹೋಯಿತೆಂದೂ ಹೇಳುತ್ತಾರೆ. ನಂಬುವುದು ಕಷ್ಟವೇ? ನಮ್ಮ ವಠಾರಗಳನ್ನು ಬಲ್ಲ ನನಗೆ ಕಷ್ಟವಾಗುವುದಿಲ್ಲ. ಗಿರಣಿಯಲ್ಲಿ ಕೈ ಕಳೆದುಕೊಂಡವನ ಮನೆಗೆ ಪರಿಹಾರದ ಹಣ ಬಂದ ದಿನ ಕೊಳಾಯಿಯ ಬಳಿ ಏನೇನು ಮಾತು ಬರುತ್ತದೆ ಎಂಬುದು ನಿಮಗೂ ಗೊತ್ತು. ಯಜಮಾನನ ಸಾವಿರಗಳನ್ನು ಸಹಿಸಿಕೊಳ್ಳುವ ನಾವು ಪಕ್ಕದವನ ಮೂರೂ ಮುಕ್ಕಾಲು ರೂಪಾಯಿಯನ್ನು ಸಹಿಸುವುದಿಲ್ಲ. ಬಡತನ ಜನರನ್ನು ಒಳ್ಳೆಯವರನ್ನಾಗಿ ಮಾಡುತ್ತದೆಂದು ಯಾರೋ ಹೊಟ್ಟೆ ತುಂಬಿದವರು ಬರೆದಿರಬೇಕು.

ಇನ್ನು ಉತ್ತರದ ಡರಂ ಪ್ರಾಂತದ ಬಾರ್ನಾರ್ಡ್ ಕ್ಯಾಸಲ್ ಎಂಬ ಪಟ್ಟಣಕ್ಕೆ ಬನ್ನಿ. ಅಲ್ಲಿ ಜಾನ್ ಸ್ಮಿತ್, ಮಾರ್ಗರೆಟ್ ಸ್ಮಿತ್ ದಂಪತಿಗಳ ಮನೆಯಿಂದ ಆರು ಗಂಡುಮಕ್ಕಳು ಯುದ್ಧಕ್ಕೆ ಹೋದರು. 1916ರ ಸೆಪ್ಟೆಂಬರಿನಿಂದ 1918ರ ಜುಲೈವರೆಗಿನ ಅವಧಿಯಲ್ಲಿ ಐವರು ಸತ್ತರು. ಉಳಿದವನು ಕಿರಿಯ, ವಿಲ್‌ಫ್ರೆಡ್. ಊರಿನ ಪಾದ್ರಿಯ ಹೆಂಡತಿ ಮರುಗಿ ಕ್ವೀನ್ ಮೇರಿಗೆ ಕಾಗದ ಬರೆದಳು: ಈ ಒಬ್ಬನನ್ನಾದರೂ ತಾಯಿಗೆ ಬಿಡಿ ಎಂದು. ರಾಣಿಯ ಕಡೆಯಿಂದ ಉತ್ತರ ಬಂತು, ಕೋರಿಕೆ ಯುದ್ಧ ಇಲಾಖೆಗೆ ಹೋಯಿತು, ವಿಲ್‌ಫ್ರೆಡ್ ಮನೆಗೆ ಬಂದ. 1972ರವರೆಗೆ ಬದುಕಿದ. ಊರಿನ ಯುದ್ಧಸ್ಮಾರಕ ತೆರೆದಾಗ ಮೊದಲ ಹೂಮಾಲೆ ಇಡಲು ಮಾರ್ಗರೆಟಳನ್ನೇ ಕರೆದರು.

ಆ ಪಾದ್ರಿಯ ಹೆಂಡತಿ ಒಳ್ಳೆಯ ಹೆಂಗಸು, ಅದರಲ್ಲಿ ಸಂಶಯವಿಲ್ಲ. ರಾಣಿಯೂ ತಾಯಿಯೇ, ಅವಳ ಮನಸ್ಸೂ ಕರಗಿತೆನ್ನೋಣ. ಆದರೆ ಇದರಲ್ಲಿ ನನಗೆ ಕಾಣುವುದು ಬೇರೆ. ಐವರನ್ನು ಕಳೆದುಕೊಂಡ ತಾಯಿಗೆ ಆರನೆಯವನು ದಕ್ಕಿದ್ದು ಹಕ್ಕಿನಿಂದಲ್ಲ, ಕೃಪೆಯಿಂದ. ಅದೂ ರಾಣಿಗೆ ಕಾಗದ ಬರೆಯುವ ಧೈರ್ಯವೂ ಭಾಷೆಯೂ ಇದ್ದ ನೆರೆಯವಳೊಬ್ಬಳು ಇದ್ದುದರಿಂದ. ಯುದ್ಧಕ್ಕೆ ಕರೆಯುವಾಗ ಕಾನೂನು. ಬಿಡಿಸಿಕೊಳ್ಳುವಾಗ ಬಿನ್ನವತ್ತಳೆ.

ಗಿರಣಿ ಕೆಲಸಗಾರರಾದ ನಿಮಗೆ ಇನ್ನೂ ಹತ್ತಿರದ್ದು ಲ್ಯಾಂಕಾಷೈರಿನ ಅಕ್ರಿಂಗ್ಟನ್. ಹತ್ತಿಬಟ್ಟೆಯ ಊರು. ರಿಂಗ್ ಫ್ರೇಮುಗಳಿಗೆ ಹೆಸರಾದ ‘ಹೋವರ್ಡ್ ಅಂಡ್ ಬುಲ್ಲೋ’ ಎಂಬ ಯಂತ್ರಗಳ ಕಾರ್ಖಾನೆ ಅಲ್ಲಿಯೇ ಇತ್ತು. 1914ರ ಜುಲೈಯಲ್ಲಿ ಆ ಕಾರ್ಖಾನೆಯಲ್ಲಿ ಸಂಬಳದ ಜಗಳ ಹತ್ತಿ, ಮುಷ್ಕರವಾಗಿ, ಮಾಲೀಕರು ಲಾಕೌಟ್ ಸಾರಿ ಸಾವಿರಾರು ಜನರನ್ನು ಹೊರಗೆ ಹಾಕಿದರು. ನೇಯ್ಗೆಯ ವ್ಯಾಪಾರವೂ ಬಿದ್ದುಹೋಗಿತ್ತು. ಅಷ್ಟರಲ್ಲಿ ಯುದ್ಧ ಬಂತು. ಸೆಪ್ಟೆಂಬರಿನಲ್ಲಿ ಊರಿನ ಮೇಯರ್ ಜಾನ್ ಹಾರ್ವುಡ್ ನಮ್ಮ ಊರಿನದೇ ಒಂದು ಬೆಟಾಲಿಯನ್ ಕಟ್ಟೋಣವೆಂದು ಮುಂದೆ ಬಂದ. ಅದೇ ಬೀದಿಯವರು, ಅದೇ ಗಿರಣಿಯವರು, ಅಣ್ಣ ತಮ್ಮಂದಿರು ಒಟ್ಟಿಗೆ ಸೇರಿ ಒಟ್ಟಿಗೇ ಹೋರಾಡಬಹುದು ಎಂಬುದು ಆಮಿಷ. ಹತ್ತೇ ದಿನಗಳಲ್ಲಿ ಅಕ್ರಿಂಗ್ಟನ್ನೂ ಸುತ್ತಲಿನ ಊರುಗಳೂ ಸೇರಿ ಬೆಟಾಲಿಯನ್ ತುಂಬಿತು. ಇದನ್ನೇ ‘ಅಕ್ರಿಂಗ್ಟನ್ ಪಾಲ್ಸ್’, ಗೆಳೆಯರ ಪಡೆ, ಎಂದು ಕರೆದರು. ಸಿಪಾಯಿಗೆ ದಿನಕ್ಕೆ ಒಂದು ಶಿಲ್ಲಿಂಗ್, ಊಟ, ಬೂಟು. ಬೀಗ ಬಿದ್ದ ಗೇಟಿನ ಮುಂದೆ ಎರಡು ತಿಂಗಳು ನಿಂತವನಿಗೆ ಇದು ದೇಶಭಕ್ತಿಯೋ ಹೊಟ್ಟೆಯೋ ಎಂದು ಬಿಡಿಸಿ ಹೇಳುವ ತಕ್ಕಡಿ ನನ್ನಲ್ಲಿಲ್ಲ.

1916ರ ಜುಲೈ 1ರ ಬೆಳಿಗ್ಗೆ ಏಳೂವರೆಗೆ ಸೋಮ್ ಕದನದಲ್ಲಿ ಸೆರ್ ಎಂಬ ಹಳ್ಳಿಯ ಕಡೆಗೆ ಈ ಗೆಳೆಯರ ಪಡೆ ಕಂದಕದಿಂದ ಎದ್ದು ನಡೆಯಿತು. ದಾಳಿಯಲ್ಲಿದ್ದವರು ಸುಮಾರು 720 ಮಂದಿ. ಅರ್ಧ ಗಂಟೆಯ ಆಸುಪಾಸಿನಲ್ಲಿ 584 ಮಂದಿ ಸತ್ತಿದ್ದರು, ಗಾಯಗೊಂಡಿದ್ದರು ಇಲ್ಲವೇ ಕಾಣೆಯಾಗಿದ್ದರು. ಆ ಒಂದು ದಿನ ಬ್ರಿಟಿಷ್ ಸೈನ್ಯದಲ್ಲಿ ಸತ್ತವರು 19,240. ಒಟ್ಟಿಗೆ ಹೋದವರು ಒಟ್ಟಿಗೇ ಬಿದ್ದರು; ಆದುದರಿಂದ ಒಂದೇ ಬೀದಿಯ ಮನೆಮನೆಯ ಕಿಟಕಿಗೂ ಒಂದೇ ವಾರದಲ್ಲಿ ಪರದೆ ಎಳೆಯಬೇಕಾಯಿತು. ಸರ್ಕಾರ ಸುದ್ದಿ ಬಿಡದೆ ಇದ್ದಾಗ ಊರಿನ ಹೆಂಗಸರು ಸತ್ಯ ಹೇಳೆಂದು ಮೇಯರನ ಮನೆಗೆ ಮುತ್ತಿಗೆ ಹಾಕಿದರೆಂದು ಆ ಊರಿನಲ್ಲಿ ಇಂದಿಗೂ ಹೇಳಿಕೊಳ್ಳುತ್ತಾರೆ.

ಹೆಂಗಸರ ಮಾತು ಬಂದುದರಿಂದ ಮನೆಯ ಕಡೆಯನ್ನೂ ಸ್ವಲ್ಪ ನೋಡೋಣ. 1914ರ ಅಕ್ಟೋಬರಿನಿಂದ ಸಿಪಾಯಿಯ ಹೆಂಡತಿಗೆ, ಮಕ್ಕಳಿಲ್ಲದಿದ್ದರೆ, ವಾರಕ್ಕೆ ಹನ್ನೆರಡೂವರೆ ಶಿಲ್ಲಿಂಗ್ ಕೊಡುತ್ತಿದ್ದರು. ಅದರಲ್ಲಿ ಮೂರೂವರೆ ಶಿಲ್ಲಿಂಗ್ ಗಂಡನ ಸಂಬಳದಿಂದಲೇ, ಎಂದರೆ ಅವನ ವಾರದ ಏಳು ಶಿಲ್ಲಿಂಗಿನ ಅರ್ಧವನ್ನು, ಮುರಿದುಕೊಂಡದ್ದು. ಅದೂ ಸುಮ್ಮನೆ ಅಲ್ಲ. ‘ಅಯೋಗ್ಯ’ ನಡತೆಯ ಹೆಂಡತಿಯರಿಗೆ ಈ ಹಣ ನಿಲ್ಲಿಸಲು ಏರ್ಪಾಡಾಗಿ, ಅವರ ಮೇಲೆ ಕಣ್ಣಿಡಲು ಪೊಲೀಸರಿಗೆ ಹೇಳಿದರು. ಗಂಡ ಅಲ್ಲಿ ಗುಂಡಿಗೆ ಎದೆಯೊಡ್ಡಿರುವಾಗ ಹೆಂಡತಿ ಇಲ್ಲಿ ಬಿಯರು ಕುಡಿದಳೇ ಎಂದು ನೋಡಲು ಪೊಲೀಸು! ಯುದ್ಧಸಾಮಗ್ರಿಯ ಗುತ್ತಿಗೆಯಲ್ಲಿ ಲಾಭ ಹೊಡೆದವರ ನಡತೆ ನೋಡಲು ಯಾರ ಮನೆ ಬಾಗಿಲಿಗೂ ಪೊಲೀಸರು ಹೋಗಲಿಲ್ಲ.

ಇದೇ ಸಮಯದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಮನೆ ಮಾಲೀಕರು ಬಾಡಿಗೆ ಏರಿಸಿದರು. ಮೇರಿ ಬಾರ್ಬರ್ ಮೊದಲಾದವರು ಹೆಂಗಸರನ್ನು ಕೂಡಿಸಿ ಬಾಡಿಗೆ ಮುಷ್ಕರ ಹೂಡಿದರು. ಮನೆ ಬಿಡಿಸಲು ಅಮೀನ ಬಂದರೆ ಓಣಿಯಲ್ಲಿ ಗಂಟೆ ಬಾರಿಸುವುದು, ಹೆಂಗಸರೆಲ್ಲ ಹಿಟ್ಟು ಹಿಡಿದು ಬಂದು ಅವನ ಮೇಲೆ ಸುರಿಯುವುದು. 1915ರ ನವೆಂಬರಿನಲ್ಲಿ ಸುಮಾರು 20,000 ಮನೆಗಳವರು ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದ್ದರು. ಹಡಗುಕಟ್ಟೆಯ ಕೆಲಸಗಾರರು ಅವರ ಬೆಂಬಲಕ್ಕೆ ನಿಂತರು. ಡಿಸೆಂಬರಿನಲ್ಲಿ ಸರ್ಕಾರ ಕಾನೂನು ಮಾಡಿ ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟಕ್ಕೆ ಇಳಿಸಬೇಕಾಯಿತು. ಯುದ್ಧ ನಡೆಯುತ್ತಿರುವಾಗ ಹಕ್ಕು ಕೇಳುವುದು ದ್ರೋಹವೆಂದು ಹೇಳುವವರಿಗೆ ಗ್ಲಾಸ್ಗೋ ಹೆಂಗಸರ ವಿಷಯ ತಿಳಿಸಿ.

ನಾಯಕರ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಿಲ್ಲಲು ಮನಸ್ಸೂ ಇಲ್ಲ. 1912ರಲ್ಲಿ ಬಾಸೆಲ್ ನಗರದಲ್ಲಿ ಸೇರಿ, ಯುದ್ಧ ಬಂದರೆ ಎದುರಿಸುತ್ತೇವೆಂದು ನಿರ್ಣಯ ಮಾಡಿದ ಯೂರೋಪಿನ ಸಮಾಜವಾದಿ ಪಕ್ಷಗಳು ಎರಡೇ ವರ್ಷಗಳಲ್ಲಿ ತಮ್ಮ ತಮ್ಮ ಸರ್ಕಾರಗಳ ಹಿಂದೆ ಸಾಲುಗಟ್ಟಿದವು. ಜರ್ಮನಿಯ ಪಕ್ಷ ಯುದ್ಧದ ಸಾಲಕ್ಕೆ ಮತ ಕೊಟ್ಟಿತು. ಬ್ರಿಟನ್ನಿನ ಲೇಬರ್ ಪಕ್ಷದಲ್ಲಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಒಪ್ಪದೆ ನಾಯಕತ್ವ ಬಿಟ್ಟ. ಅವನ ಜಾಗಕ್ಕೆ ಬಂದ ಆರ್ಥರ್ ಹೆಂಡರ್‌ಸನ್ 1915ರಲ್ಲಿ ಮಂತ್ರಿಮಂಡಲ ಸೇರಿದ. ಹುಡುಗನಾಗಿದ್ದಾಗಲೇ ಗಣಿಗೆ ಇಳಿದ ಕೀರ್ ಹಾರ್ಡಿ ಯುದ್ಧ ಬೇಡವೆಂದು ಹೇಳಲು ಆಗಸ್ಟ್ 6ರಂದು ತನ್ನದೇ ಕ್ಷೇತ್ರದ ಅಬರ್‌ಡೇರ್ ಊರಿಗೆ ಹೋದರೆ, ಅವನನ್ನು ಆರಿಸಿ ಕಳಿಸಿದ್ದ ಜನರೇ ಕೂಗಾಡಿ ಸಭೆ ಕೆಡಿಸಿದರು. ಮರುವರ್ಷ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ. ಕೆಲಸಗಾರರು ಎಂದೂ ತಪ್ಪುವುದಿಲ್ಲ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ. ಅಂದು ಅಬರ್‌ಡೇರಿನಲ್ಲಿ ತಪ್ಪಿದವರು ಕೆಲಸಗಾರರೇ.

ಈಗ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಅವರ ಜಗಳ, ನಮಗೇನು ಎಂದರು. ಆ ಜಗಳಕ್ಕೆ ನಮ್ಮ ದೇಶದಿಂದ ಸುಮಾರು 13 ಲಕ್ಷ ಜನ ಸಿಪಾಯಿಗಳಾಗಿ, ಕೂಲಿಗಳಾಗಿ ಹೋದರು. 70,000ಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ. ನಮ್ಮ ಮೈಸೂರಿನ ಲ್ಯಾನ್ಸರ್ಸ್ ಕುದುರೆ ದಳ 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಗೆದ್ದುಕೊಟ್ಟಿತು. ಯಾರಿಗೆ ಗೆದ್ದುಕೊಟ್ಟಿತು? ಮರುವರ್ಷ ರೌಲತ್ ಕಾಯಿದೆ ಬಂತು, ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್ ಆಯಿತು. ಗುಂಡು ಹಾರಿಸಲು ಆಜ್ಞೆ ಕೊಟ್ಟ ಡಯರ್ ಆ್ಯನಿ ಸೋಲ್ಸ್‌ಳ ಮನೆಯವನಲ್ಲ. ಅವಳ ಐವರನ್ನು ಯಾವ ಸರ್ಕಾರ ಫ್ರಾನ್ಸಿಗೆ ಕಳಿಸಿತೋ ಆ ಸರ್ಕಾರದ ಅಧಿಕಾರಿ. ಇಂಗ್ಲೆಂಡಿನ ಬಡವ ನಮ್ಮ ಮೇಲೆ ನಡೆದ ದಬ್ಬಾಳಿಕೆಗೆ ಪೂರ್ತಿ ಹೊರಗಿನವನೆಂದು ನಾನು ಹೇಳುವುದಿಲ್ಲ. ಸಿಪಾಯಿಯಾಗಿ ಅವನೂ ಇಲ್ಲಿಗೆ ಬಂದಿದ್ದಾನೆ, ಬೂಟಿನ ಕಾಲನ್ನು ಎತ್ತಿಯೂ ಇದ್ದಾನೆ. ಆದರೆ ಅವನನ್ನೂ ನಮ್ಮನ್ನೂ ಒಂದೇ ಕಚೇರಿಯ ಕಾಗದಗಳು ಅಲ್ಲಿಂದಿಲ್ಲಿಗೆ ಕಳಿಸುತ್ತಿದ್ದವು. ಅಷ್ಟು ಮಾತ್ರ ನಾನು ಹೇಳುವುದು.

ಯುದ್ಧ ಮುಗಿದ ಮೇಲೆ ಸತ್ತ ಪ್ರತಿಯೊಬ್ಬನ ಮನೆಗೂ ಸರ್ಕಾರ ಒಂದು ಕಂಚಿನ ಬಿಲ್ಲೆ ಕಳಿಸಿತು. ತಟ್ಟೆಯಂತೆ ದುಂಡಗೆ, ಐದಂಗುಲದಷ್ಟು ಅಗಲ. ಮೇಲೆ ಸತ್ತವನ ಹೆಸರು ಮಾತ್ರ, ದರ್ಜೆಯಿಲ್ಲ. ಎಲ್ಲರ ತ್ಯಾಗವೂ ಸಮಾನವೆಂದು ತೋರಿಸಲು. ಹದಿಮೂರು ಲಕ್ಷಕ್ಕೂ ಹೆಚ್ಚು ಬಿಲ್ಲೆಗಳನ್ನು ಎರಕ ಹೊಯ್ದರು. ಬಡವರ ಕೇರಿಗಳಲ್ಲಿ ಅದಕ್ಕೆ ‘ಸತ್ತವನ ಕಾಸು’ ಎಂದು ಹೆಸರಾಯಿತು. ಕೆಲವರು ಗೋಡೆಗೆ ತೂಗುಹಾಕಿದರು, ಕೆಲವರು ಎಸೆದರು.

ಫ್ರಾನ್ಸಿನ ಗೋರಿಗಳ ವಿಷಯದಲ್ಲೂ ಇದೇ ಸಮಾನತೆ. ಹಣವಂತರು ತಮ್ಮ ಮಗನ ದೇಹವನ್ನು ಮನೆಗೆ ತರಿಸಿಕೊಳ್ಳಬಾರದು, ಎಲ್ಲರಿಗೂ ಒಂದೇ ಅಳತೆಯ ಕಲ್ಲು ಎಂದು ತೀರ್ಮಾನಿಸಿದರು. ಇದು ಸರಿಯಾದ ತೀರ್ಮಾನ, ಒಪ್ಪುತ್ತೇನೆ. ಕಲ್ಲಿನ ಕೆಳಗೆ ಮನೆಯವರು ಒಂದು ಮಾತು ಕೆತ್ತಿಸಬಹುದಿತ್ತು. 66 ಅಕ್ಷರಗಳನ್ನು ಮೀರುವಂತಿಲ್ಲ, ಅಕ್ಷರವೊಂದಕ್ಕೆ ಮೂರೂವರೆ ಪೆನ್ಸ್. ಜನ ಆಕ್ಷೇಪಿಸಿದ ಮೇಲೆ ಕೊಡುವುದಿದ್ದರೆ ಕೊಡಿ ಎಂದು ಮಾಡಿದರು. ಮೂರೂವರೆ ಪೆನ್ಸ್ ಎಂದರೆ ಮೂರೂವರೆ ಆಣೆ. ಪೂರ್ತಿ 66 ಅಕ್ಷರ ಬರೆಸಿದರೆ ಹತ್ತೊಂಬತ್ತು ಶಿಲ್ಲಿಂಗ್ ಮೂರು ಪೆನ್ಸ್ ಆಗುತ್ತದೆ. ಹೊಲಗೂಲಿಯವನ ಒಂದು ವಾರದ ಹಳೆಯ ಸಂಬಳಕ್ಕಿಂತ ಹೆಚ್ಚು. ಎಷ್ಟೋ ಕಲ್ಲುಗಳ ಮೇಲೆ ಆ ಜಾಗ ಖಾಲಿ ಉಳಿದಿದೆ.

ನನ್ನ ಮಾತು ಇಷ್ಟು. ಎರಡನೆಯ ಪಾಳಿಯವರು ಹೊರಡುವ ಮುನ್ನ ಪ್ರಶ್ನೆಗಳಿದ್ದರೆ ಕೇಳಿ.